ಗಂಜಿಯಿಂದ ನೇಗಿಲಿನವರೆಗೆ: ಕಷ್ಟಕಾಲದಲ್ಲಿ ಧರ್ಮಸಭೆ

ನೂರು ವರ್ಷ ತುಂಬಿದ ದೇವಾಲಯದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಡಿಗಲ್ಲನ್ನಿರಿಸಿದ ದಿನ, ಗಂಟೆಗೋಪುರ ಎದ್ದ ವರ್ಷ, ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಇವುಗಳನ್ನೇ ಮೊದಲು ಬರೆಯುತ್ತಾರೆ. ಇವೆಲ್ಲವೂ ಆವಶ್ಯಕವೇ, ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಅವುಗಳಿಗೆ ತಕ್ಕ ಸ್ಥಾನವಿದೆ. ಆದರೆ ದೇವಾಲಯವೊಂದರ ಅಂತರಂಗದ ಚರಿತ್ರೆಯನ್ನು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಮಳೆ ಕೈಕೊಟ್ಟ ವರ್ಷ, ಕೂಲಿ ಸಿಗದ ತಿಂಗಳು, ಒಲೆ ಉರಿಯದ ದಿನ ಹಸಿದವನೊಬ್ಬ ಅದರ ಬಾಗಿಲಿಗೆ ಬಂದಾಗ ಅವನಿಗೆ ಏನು ದೊರೆಯಿತು? ಅದನ್ನು ಯಾವ ಮನಸ್ಸಿನಿಂದ ಕೊಡಲಾಯಿತು? ಕಷ್ಟಕಾಲ ಕಳೆದ ಮೇಲೆ ಅವನ ಗತಿ ಏನಾಯಿತು?

ಈ ಮೂರು ಪ್ರಶ್ನೆಗಳನ್ನು ಮುಂದಿರಿಸಿಕೊಂಡು, ನಮ್ಮ ಹಳೆಯ ಮೈಸೂರು ಸೀಮೆಯ ಕಥೋಲಿಕ ಧರ್ಮಸಭೆ ಕಷ್ಟದ ದಿನಗಳಲ್ಲಿ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಪ್ರೇಷಿತರ ಕಾಲದಿಂದ

ಹಸಿದವರಿಗೆ ಅನ್ನವಿಡುವುದು ಧರ್ಮಸಭೆಗೆ ಮಧ್ಯದಲ್ಲಿ ಬಂದ ಕಾರ್ಯವಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಪ್ರೇಷಿತರ ಕಾರ್ಯಕಲಾಪಗಳನ್ನು ಓದಿದವರಿಗೆ ತಿಳಿದಿರುವಂತೆ, ಜೆರುಸಲೇಮಿನ ಮೊದಲ ಸಮುದಾಯದಲ್ಲಿ ಎದ್ದ ಮೊದಲ ಗೊಣಗಾಟಗಳಲ್ಲಿ ಒಂದು ದಿನನಿತ್ಯದ ಹಂಚಿಕೆಗೆ ಸಂಬಂಧಿಸಿದ್ದು. ಗ್ರೀಕ್ ಮಾತನಾಡುವ ವಿಧವೆಯರನ್ನು ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಪ್ರೇಷಿತರು ಅದನ್ನು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆ ಕಾರ್ಯಕ್ಕೆಂದೇ ಆರಿಸಿದರು. ಮುಂದೆ ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ ಬರ ಬಂದಾಗ, ಅಂತಿಯೋಕ್ಯದ ಭಕ್ತರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ, ಬಾರ್ನಬ ಮತ್ತು ಸೌಲರ ಕೈಯಲ್ಲಿ ಜುದೇಯದ ಸಹೋದರರಿಗೆ ಕಳುಹಿಸಿದರು. ದೂರದ ಊರಿನ ಹಸಿವೂ ನಮ್ಮದೇ ಎಂಬ ಭಾವನೆ ಅಂದೇ ಬೇರೂರಿತ್ತು.

ಕ್ರಿ.ಶ. 368-369ರಲ್ಲಿ ಕಪ್ಪದೋಕ್ಯ ನಾಡಿನಲ್ಲಿ ಭೀಕರ ಕ್ಷಾಮ ಉಂಟಾದಾಗ ಸಂತ ಬಾಸಿಲರು ಸಿಸೇರಿಯ ನಗರದಲ್ಲಿ ಇನ್ನೂ ಗುರುಗಳಾಗಿದ್ದರು. ಧಾನ್ಯವನ್ನು ಕಣಜದಲ್ಲಿ ಬಚ್ಚಿಟ್ಟು ಬೆಲೆಯೇರಲೆಂದು ಕಾಯುತ್ತಿದ್ದವರನ್ನು ಅವರು ತಮ್ಮ ಪ್ರಬೋಧನೆಗಳಲ್ಲಿ ಕಟುವಾಗಿ ಖಂಡಿಸಿದರು. ಬೀದಿಯಲ್ಲಿ ಅಡಿಗೆ ಮಾಡಿಸಿ ಹಸಿದವರಿಗೆ ತಾವೇ ಬಡಿಸಿದರು. ಹದಿನೈದನೆಯ ಶತಮಾನದಲ್ಲಿ ಇಟಲಿಯ ಬಡವರು ಬಡ್ಡಿ ವ್ಯಾಪಾರಿಗಳ ಕೈಗೆ ಸಿಕ್ಕಿ ನರಳುತ್ತಿದ್ದಾಗ ಸಂತ ಫ್ರಾನ್ಸಿಸರ ಸಭೆಯ ಸನ್ಯಾಸಿಗಳು ಕೇವಲ ಭಿಕ್ಷೆ ಹಂಚಿ ಸುಮ್ಮನಾಗಲಿಲ್ಲ. 1462ರಲ್ಲಿ ಪೆರೂಜಿಯ ನಗರದಲ್ಲಿ ಅವರ ಪ್ರೇರಣೆಯಿಂದ ಒಂದು ಸಾಲನಿಧಿ ಆರಂಭವಾಯಿತು. ಬಡವನು ಸಣ್ಣಪುಟ್ಟ ವಸ್ತುಗಳನ್ನು ಒತ್ತೆಯಿಟ್ಟು, ನಿಧಿಯ ಖರ್ಚಿಗೆ ಸಾಲುವಷ್ಟೇ ಅಲ್ಪ ಬಡ್ಡಿಗೆ ಸಾಲ ಪಡೆಯಬಹುದಾಗಿತ್ತು. 1515ರಲ್ಲಿ ಐದನೆಯ ಲ್ಯಾಟೆರನ್ ಮಹಾಸಭೆ ಈ ಪದ್ಧತಿಗೆ ಅಂಗೀಕಾರವಿತ್ತಿತು.

ಹೀಗೆ ಎರಡು ಬಗೆಯ ಸಹಾಯ ಮೊದಲಿನಿಂದಲೂ ಜೊತೆಜೊತೆಯಾಗಿ ಬಂದಿವೆ: ಇಂದಿನ ಹಸಿವಿಗೆ ಇಂದಿನ ಅನ್ನ ಒಂದು, ನಾಳೆ ಹಸಿಯದಂತೆ ಕಾಲೂರಲು ಆಸರೆ ಇನ್ನೊಂದು. ಎರಡೂ ನಮ್ಮ ನಾಡಿನಲ್ಲಿ ಹೇಗೆ ನಡೆದವೆಂಬುದನ್ನು ಈಗ ನೋಡೋಣ.

ದೊಡ್ಡ ಸ್ವಾಮಿಯವರು ತೋರಿದ ದಾರಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೈಸೂರು ಸೀಮೆಯ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಯುದ್ಧಗಳಿಂದಲೂ ಸೆರೆವಾಸದಿಂದಲೂ ಮನೆಮಠ ಕಳೆದುಕೊಂಡು ಚದುರಿಹೋಗಿದ್ದ ಜನರನ್ನು ಒಂದುಗೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳಾದ ಅಬ್ಬೆ ದ್ಯುಬುವಾ. ನಮ್ಮ ಜನರ ಉಡುಗೆಯನ್ನುಟ್ಟು, ನಮ್ಮ ಜನರ ಆಹಾರವನ್ನುಂಡು ಬಾಳಿದ ಅವರನ್ನು ಕನ್ನಡ ಕ್ರೈಸ್ತರು ‘ದೊಡ್ಡ ಸ್ವಾಮಿಯವರು’ ಎಂದೇ ಕರೆದರು. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ ಲೋಕವು ಅವರನ್ನು ಅರಿತಿದೆ. ನಾವು ಅವರನ್ನು ಸ್ಮರಿಸಬೇಕಾದುದು ಇನ್ನೆರಡು ಕಾರ್ಯಗಳಿಗಾಗಿ.

ಒಂದು, ಸಿಡುಬಿನ ವಿರುದ್ಧ ದೇವಿ ಹಾಕುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಲು ಅವರು ಪಟ್ಟ ಶ್ರಮ. 1803-04ರ ಸುಮಾರಿನಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಲಾಯಿತು. ಎರಡು, ನಿರ್ಗತಿಕರಾದ ಕ್ರೈಸ್ತ ಕುಟುಂಬಗಳಿಗೆ ನೆಲ ದೊರಕಿಸಿ, ಹಾಸನದ ಬಳಿಯ ಸಾತಳ್ಳಿಯೇ ಮೊದಲಾದ ಕಡೆಗಳಲ್ಲಿ ಬೇಸಾಯದ ನೆಲೆಗಳನ್ನು ಕಟ್ಟಿದ್ದು. ದಾನ ಕೊಟ್ಟ ಅಕ್ಕಿ ಒಂದು ವಾರಕ್ಕೆ ಬಂದೀತು. ಉಳಲು ನೆಲ ಕೊಟ್ಟರೆ ಮಕ್ಕಳ ಕಾಲಕ್ಕೂ ಬರುತ್ತದೆ. ಈ ಸರಳ ವಿವೇಕವನ್ನು ದೊಡ್ಡ ಸ್ವಾಮಿಯವರು ಕೃತಿಯಲ್ಲಿ ತೋರಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು.

ಧಾತು ಈಶ್ವರ ಬರ

ಆ ವಿವೇಕಕ್ಕೆ ನಿಜವಾದ ಪರೀಕ್ಷೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. 1875ರಲ್ಲಿಯೇ ಮಳೆ ಸಾಲದೆ ಹೋಗಿತ್ತು. 1876ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಬಿಟ್ಟವು. 1877ರ ಮಳೆಗಾಲದ ಕೊನೆಯವರೆಗೂ ಆಕಾಶ ಕರಗಲಿಲ್ಲ. ಆ ಎರಡು ಸಂವತ್ಸರಗಳ ಹೆಸರಿನಿಂದ ನಮ್ಮ ಹಿರಿಯರು ಅದನ್ನು ‘ಧಾತು ಈಶ್ವರ ಬರ’ ಎಂದು ಕರೆದರು. 1871ರ ಖಾನೇಷುಮಾರಿಯಂತೆ ಮೈಸೂರು ಸೀಮೆಯಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನರಿದ್ದರು. 1881ರಲ್ಲಿ ಲೆಕ್ಕಕ್ಕೆ ಸಿಕ್ಕವರು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಆರರಲ್ಲಿ ಒಂದು ಪಾಲು ಕುಗ್ಗಿತ್ತು.

ಇದಕ್ಕೆ ಮಳೆಯೊಂದೇ ಕಾರಣವೆಂದು ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅಂದು ಮದರಾಸಿನಿಂದ ಬೆಂಗಳೂರಿಗೆ ರೈಲು ಇತ್ತು. ಹೊರಗಿನ ಧಾನ್ಯ ಬರುತ್ತಿತ್ತು. ಆದರೆ ಹೊಲದಲ್ಲಿ ಕೆಲಸವಿಲ್ಲದ ಕೂಲಿಯವನಲ್ಲಿ ಅದನ್ನು ಕೊಳ್ಳಲು ಕಾಸಿರಲಿಲ್ಲ. ಉಣ್ಣಲು ಇಲ್ಲದವರು ಬಟ್ಟೆ ಕೊಳ್ಳರು; ಆದ್ದರಿಂದ ನೇಕಾರನ ಮಗ್ಗವೂ ನಿಂತಿತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ಅಂದಿನ ನೀತಿಯಿಂದಾಗಿ ದೇಶದ ಧಾನ್ಯ ಪರದೇಶಕ್ಕೆ ಹೋಗುವುದು ನಿಲ್ಲಲಿಲ್ಲ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ತಗ್ಗಿಸಲೆಂದು, ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವನ್ನೂ ಒಂದು ಆಣೆಯನ್ನೂ ಮಾತ್ರ ನಿಗದಿ ಮಾಡಿದನು. ಮಣ್ಣು ಹೊರುವವನ ದೇಹಕ್ಕೆ ಅದು ಸಾಲದೆಂದು ಆ ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಲವಾಗಿ ಪ್ರತಿಭಟಿಸಬೇಕಾಯಿತು. ಬೆಂಗಳೂರು-ಮೈಸೂರು ರೈಲುಮಾರ್ಗದ ಕೆಲಸ ಬರ ಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಇಂದು ನಾವು ಆ ಹಾದಿಯಲ್ಲಿ ಸುಖವಾಗಿ ಪ್ರಯಾಣ ಮಾಡುವಾಗ ಹಸಿದ ಕೈಗಳು ಹೊತ್ತ ಮಣ್ಣಿನ ಮೇಲೆ ಸಾಗುತ್ತಿರುತ್ತೇವೆ.

ಆಗ ಮೈಸೂರು ಮಿಷನ್ನಿನ ಮೇಲ್ವಿಚಾರಕರಾಗಿದ್ದವರು ಧರ್ಮಾಧ್ಯಕ್ಷ ಷೆವಾಲಿಯೇ. ಅವರ ಗುರುಗಳ ಸಂಖ್ಯೆ ಅಲ್ಪ; ಖಜಾನೆ ಫ್ರಾನ್ಸಿನ ಭಕ್ತರ ಕಾಣಿಕೆಯನ್ನು ನಂಬಿದ್ದು. ಬೆಂಗಳೂರಿನಲ್ಲಿ 1854ರಿಂದ ನೆಲಸಿದ್ದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಅನಾಥ ಹೆಣ್ಣುಮಕ್ಕಳ ಪಾಲನೆಯಲ್ಲಿ ಮೊದಲೇ ನಿರತರಾಗಿದ್ದರು. ಬರ ಬಂದಾಗ ಹಳ್ಳಿಗಳಿಂದ ಪಟ್ಟಣದ ಕಡೆಗೆ ಜನ ಗುಳೆ ಹೊರಟರು. ದಾರಿಯಲ್ಲಿ ತಾಯಿತಂದೆ ಬಿದ್ದುಹೋದ ಮಕ್ಕಳನ್ನು ಯಾರಾದರೂ ಎತ್ತಿಕೊಳ್ಳಬೇಕಿತ್ತು. ಮಿಷನ್ನಿನ ಅನಾಥಾಲಯಗಳು ಅವರಿಗಾಗಿ ಬಾಗಿಲು ತೆರೆದವು. ಈ ಕಾರ್ಯದಲ್ಲಿ ನಾವು ಒಂಟಿಯಾಗಿರಲಿಲ್ಲ. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಬರದ ಅನಾಥರಿಗೆ ಆಶ್ರಯ ಕಲ್ಪಿಸಿದರು. ಊರಿನ ವರ್ತಕರೂ ಸಾಹುಕಾರರೂ ತಮ್ಮ ಶಕ್ತಿ ಇರುವವರೆಗೆ ಅನ್ನದಾನ ನಡೆಸಿದರು. ಹಸಿವು ಜಾತಿಮತ ನೋಡದೆ ಬಂದಿತ್ತು. ಕರುಣೆಯೂ ಹಾಗೆಯೇ ಬಂದಿತು.

ಬರ ಕಳೆದ ಮೇಲೆ

1877ರ ಕೊನೆಯ ತಿಂಗಳುಗಳಲ್ಲಿ ಮಳೆ ಬಂದಿತು. ಆದರೆ ಬಿತ್ತಲು ಬೀಜವಿರಲಿಲ್ಲ. ಉಳಲು ಎತ್ತುಗಳು ಸತ್ತಿದ್ದವು. ಮನೆಯ ತೊಲೆಗಳೂ ಪಾತ್ರೆಗಳೂ ಮಾರಾಟವಾಗಿದ್ದವು. ಲಂಡನ್ ನಗರದ ಮೇಯರ್ ಆರಂಭಿಸಿದ ಪರಿಹಾರ ನಿಧಿಯ ಹಣ ಈ ಕಾಲದಲ್ಲಿ ಬಹುಮಟ್ಟಿಗೆ ಬೀಜಕ್ಕೂ ಎತ್ತಿಗೂ ಬಿದ್ದ ಮನೆಗಳ ದುರಸ್ತಿಗೂ ವ್ಯಯವಾಯಿತೆಂಬುದು ಗಮನಾರ್ಹ. ಗಂಜಿ ಕೇಂದ್ರಗಳು ಮುಚ್ಚಿದ ದಿನ ರೈತನ ಕಷ್ಟ ಮುಗಿಯುವುದಿಲ್ಲವೆಂಬುದು ಎಲ್ಲರಿಗೂ ಅರಿವಾಗಿತ್ತು.

ಅನಾಥ ಮಕ್ಕಳ ವಿಷಯದಲ್ಲಿ ಈ ಸಮಸ್ಯೆ ಇನ್ನೂ ಗಂಭೀರವಾದದ್ದು. ಬಂಧುಗಳಿಲ್ಲದ, ನೆಲವಿಲ್ಲದ ಹುಡುಗನಿಗೆ ಹದಿನೆಂಟು ತುಂಬಿದಾಗ ಎಲ್ಲಿಗೆ ಹೋಗೆಂದು ಹೇಳುವುದು? ಮಿಷನ್ನಿನವರು ದೊಡ್ಡ ಸ್ವಾಮಿಯವರ ದಾರಿಯನ್ನೇ ಹಿಡಿದರು. ಬೆಂಗಳೂರಿನ ವಾಯವ್ಯಕ್ಕೆ, ಹೆಸರಘಟ್ಟದ ಕಡೆಗಿರುವ ಸಿಲುವೆಪುರವು ಬರದ ಅನಾಥರ ಜೀವನೋಪಾಯಕ್ಕಾಗಿ ನೆಲೆಗೊಂಡ ಬೇಸಾಯದ ಊರು. ಶಿಲುಬೆಯ ಹೆಸರನ್ನೇ ಹೊತ್ತ ಆ ಊರಿನ ಮಣ್ಣಿನಲ್ಲಿ, ತಾಯಿತಂದೆಯರ ಮುಖ ಕಾಣದ ಮಕ್ಕಳು ತಾವೇ ತಂದೆತಾಯಿಗಳಾಗಿ, ರಾಗಿ ಬೆಳೆದು ಬಾಳು ಕಟ್ಟಿಕೊಂಡರು. ಗಂಜಿಯ ಬಟ್ಟಲಿನಿಂದ ನೇಗಿಲಿನ ಮೇಳಿಯವರೆಗೆ ಬಂದ ಈ ಪ್ರಯಾಣವೇ ನಮ್ಮ ಧರ್ಮಪ್ರಾಂತದ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಅಧ್ಯಾಯಗಳಲ್ಲೊಂದು ಎಂದು ನಾವು ಭಾವಿಸುತ್ತೇವೆ.

ಒಂದು ಆಕ್ಷೇಪಣೆ

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ವಿಚಾರಿಸಬೇಕಾಗಿದೆ. ಬರಗಾಲದಲ್ಲಿ ಕ್ರೈಸ್ತರಾದವರನ್ನು ‘ಅಕ್ಕಿಗಾಗಿ ಕ್ರೈಸ್ತರಾದವರು’ ಎಂದು ಹಂಗಿಸುವ ಮಾತು ಅಂದೂ ಇತ್ತು, ಇಂದಿಗೂ ಕೇಳಿಬರುತ್ತದೆ. ದಕ್ಷಿಣ ಭಾರತದ ಮಿಷನ್ನುಗಳಲ್ಲಿ ಆ ವರ್ಷಗಳಲ್ಲಿ ದೀಕ್ಷಾಸ್ನಾನ ಪಡೆದವರ ಸಂಖ್ಯೆ ಬಹಳವಾಗಿ ಏರಿತೆಂಬುದು ನಿಜ. ಇದನ್ನು ಅಲ್ಲಗಳೆಯುವುದರಿಂದ ಪ್ರಯೋಜನವಿಲ್ಲ.

ಅಂದಿನ ಮಿಷನರಿಗಳಿಗೂ ಈ ಪ್ರಶ್ನೆ ತೊಡಕಾಗಿತ್ತು. ತೆಲುಗು ಸೀಮೆಯ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಸಭೆಯ ಜಾನ್ ಕ್ಲಫ್ ಎಂಬವರು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಕೆಲಸವನ್ನು ಗುತ್ತಿಗೆ ಹಿಡಿದು ಸಾವಿರಾರು ಹಸಿದವರಿಗೆ ಕೂಲಿ ಕೊಟ್ಟರು. ಪರಿಹಾರ ಕಾರ್ಯ ನಡೆಯುತ್ತಿದ್ದಾಗ ಅವರು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೊಡಲು ತಮ್ಮಲ್ಲಿ ಇನ್ನೇನೂ ಉಳಿದಿಲ್ಲವೆಂದು ಜನರಿಗೆ ತಿಳಿದ ಮೇಲೆಯೂ ಬಂದವರಿಗೆ 1878ರ ಜುಲೈ 3ರಂದು ದೀಕ್ಷಾಸ್ನಾನವಾಯಿತು. ಆ ಒಂದೇ ದಿನ 2,222 ಮಂದಿ. ಅವರು ನಮ್ಮ ಸಭೆಯವರಲ್ಲ. ಆದರೂ ಅನ್ನವನ್ನು ವಿಶ್ವಾಸಕ್ಕೆ ಬೆಲೆಯನ್ನಾಗಿ ಮಾಡಬಾರದೆಂಬ ಅವರ ಎಚ್ಚರಿಕೆಯನ್ನು ಗೌರವಿಸದೆ ಇರಲಾಗದು.

ನಮ್ಮ ಧರ್ಮಸಭೆಯ ಬೋಧನೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ಬಡವರ ಹಾಗೂ ವಿದ್ಯೆಯಿಲ್ಲದವರ ವಿಷಯದಲ್ಲಿ ಒತ್ತಾಯಕ್ಕೂ ಆಮಿಷಕ್ಕೂ ಎಡೆಯಿಲ್ಲದಂತೆ ವಿಶೇಷವಾಗಿ ಜಾಗರೂಕರಾಗಿರಬೇಕೆಂದು ತಿಳಿಸಿತು. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ದಾನಧರ್ಮವು ಬೇರೆ ಯಾವ ಉದ್ದೇಶಕ್ಕೂ ಸಾಧನವಾಗಬಾರದೆಂದು ಬೋಧಿಸಿದರು.

ಇಷ್ಟನ್ನು ಹೇಳಿ ನಾವು ಇನ್ನೊಂದು ಮಾತನ್ನೂ ಹೇಳಬೇಕು. ಹಸಿದು ಬಂದ ನಮ್ಮ ಪೂರ್ವಿಕರ ವಿಷಯದಲ್ಲಿ ನಾಚಬೇಕಾದುದು ಏನೂ ಇಲ್ಲ. ಬೀದಿಯಲ್ಲಿ ಬಿದ್ದ ಮಗುವನ್ನು ಎತ್ತಿಕೊಂಡ ಕೈಯನ್ನು ಆ ಮಗು ಬೆಳೆದ ಮೇಲೆಯೂ ಬಿಡಲಿಲ್ಲವಾದರೆ ಅದನ್ನು ವ್ಯಾಪಾರವೆನ್ನಲಾಗದು. ಮಳೆ ಬಂದಿತು, ಕೂಲಿ ಸಿಕ್ಕಿತು, ಬಿಟ್ಟುಹೋಗಲು ದಾರಿ ತೆರೆದೇ ಇತ್ತು. ಆದರೂ ಎಷ್ಟೋ ಕುಟುಂಬಗಳು ನಾಲ್ಕೈದು ತಲೆಮಾರುಗಳಿಂದ ಅದೇ ಪೂಜಾಪೀಠದ ಮುಂದೆ ಮೊಣಕಾಲೂರುತ್ತಿವೆ. ಅಕ್ಕಿ ಮುಗಿದ ಮೇಲೆಯೂ ಉಳಿದದ್ದು ಅಕ್ಕಿಯ ವಿಶ್ವಾಸವಲ್ಲ.

ಸಾಲದ ಸಂಕಟ ಮತ್ತು ಸಹಕಾರ

ಬರಕ್ಕಿಂತಲೂ ದೀರ್ಘಾಯುವಾದುದು ಬರದಲ್ಲಿ ಮಾಡಿದ ಸಾಲ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತು ವಿಶ್ವಪತ್ರವನ್ನು ಹೊರಡಿಸಿದ ಮೇಲೆ, ಬಡವರು ತಾವೇ ಒಂದುಗೂಡಿ ತಮ್ಮ ಕಷ್ಟ ನಿವಾರಿಸಿಕೊಳ್ಳಲು ನೆರವಾಗುವುದೂ ಧರ್ಮಕಾರ್ಯವೆಂಬ ಭಾವನೆ ಪ್ರಬಲವಾಯಿತು. ಛೋಟಾನಾಗಪುರದ ಆದಿವಾಸಿಗಳ ನಡುವೆ ಸೇವೆ ಸಲ್ಲಿಸುತ್ತಿದ್ದ ಯೇಸುಸಭೆಯ ಗುರು ಹಾಫ್‌ಮನ್ನರು 1909ರಲ್ಲಿ ಕಥೋಲಿಕ ಸಹಕಾರ ಸಾಲಸಂಘವನ್ನು ಸ್ಥಾಪಿಸಿದರು. ಸಾಲಕ್ಕೆ ಜಮೀನು ಕಳೆದುಕೊಳ್ಳುತ್ತಿದ್ದ ಜನರಿಗೆ ಅದು ಆಸರೆಯಾಯಿತು. ನಮ್ಮ ಕರಾವಳಿಯ ಮಂಗಳೂರಿನಲ್ಲಿ 1912ರಲ್ಲಿ ಕಥೋಲಿಕ ಸಹಕಾರ ಬ್ಯಾಂಕು ಜನ್ಮ ತಾಳಿತು. ಅದೇ ಊರಿನ ಜೆಪ್ಪುವಿನಲ್ಲಿ ಸಂತ ಜೋಸೆಫರ ಹೆಸರಿನ ಅನಾಥಾಶ್ರಮದ ಕಾರ್ಯಾಗಾರಗಳಲ್ಲಿ ಬಡ ಹುಡುಗರು ಮರಗೆಲಸ, ಕಬ್ಬಿಣದ ಕೆಲಸ, ವಿಗ್ರಹಶಿಲ್ಪಗಳನ್ನು ಕಲಿತು ಸ್ವಂತ ಕಾಲ ಮೇಲೆ ನಿಂತರು.

ನಮ್ಮ ಧರ್ಮಕೇಂದ್ರ ಕಣ್ಣು ತೆರೆದ ಕೆಲವೇ ವರ್ಷಗಳಲ್ಲಿ ಇನ್ನೊಂದು ಬಗೆಯ ಸಂಕಟ ಬಂದಿತು. 1929ರಲ್ಲಿ ಆರಂಭವಾದ ಜಗತ್ತಿನ ಆರ್ಥಿಕ ಮುಗ್ಗಟ್ಟು ನಮ್ಮ ಹಳ್ಳಿಗಳನ್ನೂ ಬಿಡಲಿಲ್ಲ. ಧಾತು ಈಶ್ವರ ಬರದಲ್ಲಿ ಧಾನ್ಯವಿಲ್ಲದೆ ಬೆಲೆ ಗಗನಕ್ಕೇರಿತ್ತು. ಈ ಮುಗ್ಗಟ್ಟಿನಲ್ಲಿ ಧಾನ್ಯವಿದ್ದೂ ಬೆಲೆಯಿಲ್ಲದಾಯಿತು. ಒಂದೆರಡು ವರ್ಷಗಳಲ್ಲಿ ಬೇಸಾಯದ ಉತ್ಪನ್ನಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಕಂದಾಯವೂ ಸಾಲವೂ ಮಾತ್ರ ಇಳಿಯಲಿಲ್ಲ. ಜಗದ್ಗುರು ಹನ್ನೊಂದನೆಯ ಪಿಯೂಸರು 1931ರ ಅಕ್ಟೋಬರ್ 2ರಂದು ಹೊರಡಿಸಿದ ವಿಶ್ವಪತ್ರದಲ್ಲಿ ನಿರುದ್ಯೋಗಿಗಳಿಗಾಗಿ, ಅದರಲ್ಲಿಯೂ ಅವರ ಎಳೆಯ ಮಕ್ಕಳಿಗಾಗಿ, ದಾನಧರ್ಮದ ಮಹಾಭಿಯಾನವೊಂದು ನಡೆಯಬೇಕೆಂದು ಕರೆಯಿತ್ತರು.

ಇಂತಹ ದಿನಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡುವವರು ಸಂತ ವಿನ್ಸೆಂಟ್ ಡಿ ಪೌಲರ ಸಭೆಯ ಸದಸ್ಯರು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡೆರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಅವನ ಗೆಳೆಯರೂ ಆರಂಭಿಸಿದ ಈ ಸಭೆಯ ಪದ್ಧತಿ ವಿಶಿಷ್ಟವಾದುದು. ಬಡವನನ್ನು ಬಾಗಿಲಿಗೆ ಕರೆಸಿಕೊಳ್ಳದೆ ತಾವೇ ಅವನ ಮನೆಗೆ ಹೋಗುವುದು, ಕೊಟ್ಟದ್ದನ್ನು ಊರಿಗೆ ಸಾರದಿರುವುದು, ಸದಸ್ಯರು ತಮ್ಮ ಕೂಟದಲ್ಲಿಯೂ ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಗುಪ್ತವಾಗಿ ಕಾಣಿಕೆ ಸಂಗ್ರಹಿಸುವುದು. ಪಡೆದವನ ಮಾನ ಉಳಿಯದಿದ್ದರೆ ಕೊಟ್ಟದ್ದು ಸಹಾಯವಾಗದೆಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸಿದವರು ವಿರಳ.

ಹಾಲಿನ ಪುಡಿಯ ಕಾಲ

ಸ್ವಾತಂತ್ರ್ಯಾನಂತರದ ದಶಕಗಳ ನೆನಪು ನಮ್ಮ ಹಿರಿಯ ಭಕ್ತರಲ್ಲಿ ಇನ್ನೂ ಹಸಿರಾಗಿದೆ. ಅಮೆರಿಕದ ಕಥೋಲಿಕ ಪರಿಹಾರ ಸಂಸ್ಥೆಯ ಮೂಲಕ ದೇಶದ ಅನೇಕ ಧರ್ಮಕೇಂದ್ರಗಳಿಗೆ ಹಾಲಿನ ಪುಡಿ, ಗೋಧಿ ನುಚ್ಚು, ಜೋಳದ ಹಿಟ್ಟು, ಅಡಿಗೆ ಎಣ್ಣೆಯ ಡಬ್ಬಗಳು ಬರುತ್ತಿದ್ದವು. 1965-67ರ ಅನಾವೃಷ್ಟಿಯ ದಿನಗಳಲ್ಲಿ ಅವು ಎಷ್ಟೋ ಮಕ್ಕಳ ಪ್ರಾಣ ಉಳಿಸಿದವು. ಆದರೆ ಪರದೇಶದ ಚೀಲಕ್ಕಾಗಿ ಕಾಯುತ್ತ ಕುಳಿತರೆ ಕೈ ಜಡವಾಗುತ್ತದೆಂಬ ಮಾತು ಗುರುಗಳಲ್ಲಿಯೂ ಭಕ್ತರಲ್ಲಿಯೂ ಬರತೊಡಗಿತು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು, ಕಷ್ಟದ ಫಲವನ್ನಷ್ಟೇ ಅಲ್ಲದೆ ಕಾರಣವನ್ನೂ ನಿವಾರಿಸಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ ಬೋಧಿಸಿತ್ತು. ಧಾನ್ಯವನ್ನು ಸುಮ್ಮನೆ ಹಂಚುವ ಬದಲು ಬಾವಿ ತೋಡುವ, ಕೆರೆಯ ಹೂಳೆತ್ತುವ, ರಸ್ತೆ ಮಾಡುವ ಕೆಲಸಕ್ಕೆ ಕೂಲಿಯಾಗಿ ಕೊಡುವ ಕ್ರಮ ಬಂದಿತು. ಭಾರತದ ಧರ್ಮಾಧ್ಯಕ್ಷರು 1962ರಲ್ಲಿ ಕಾರಿತಾಸ್ ಇಂಡಿಯಾ ಸಂಸ್ಥೆಯನ್ನು ಸ್ಥಾಪಿಸಿದರು. ಧರ್ಮಪ್ರಾಂತಗಳಲ್ಲಿ ಸಮಾಜಸೇವಾ ಸಂಘಗಳು ಹುಟ್ಟಿದವು. ಮುಂದೆ ಹಳ್ಳಿಯ ಹೆಂಗಸರು ವಾರವಾರ ಉಳಿಸಿದ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟುಕೊಳ್ಳುವ ಸ್ವಸಹಾಯ ಸಂಘಗಳು ಬೆಳೆದವು. ಪೆರೂಜಿಯದ ಸಾಲನಿಧಿಯ ಆಶಯವನ್ನು ನಮ್ಮ ಹಳ್ಳಿಯ ಜಗಲಿಗಳಲ್ಲಿ ಹೆಂಗಸರು ನಡೆಸಿಕೊಟ್ಟರು.

ಇಂದಿನ ಕರ್ತವ್ಯ

ಬರಗಾಲವೆಂಬುದು ಹಿಂದಿನವರ ಕಥೆಯೆಂದು ಭಾವಿಸಿದ್ದ ನಮಗೆ 2020ರ ಮಾರ್ಚ್ ತಿಂಗಳು ಎಚ್ಚರಿಕೆ ಕೊಟ್ಟಿತು. ಲಾಕ್‌ಡೌನಿನ ಒಂದೇ ರಾತ್ರಿಯಲ್ಲಿ ಕೂಲಿ ಕಳೆದುಕೊಂಡು ಹೆದ್ದಾರಿಯಲ್ಲಿ ನಡೆದುಹೋಗುತ್ತಿದ್ದ ಜನರನ್ನು ಕಂಡಾಗ ಧಾತು ಈಶ್ವರ ಬರದ ಗುಳೆಯೇ ಕಣ್ಣಿಗೆ ಕಟ್ಟಿತು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಇಂದು ಪಡಿತರ ವ್ಯವಸ್ಥೆಯಿಂದಾಗಿ ಹಿಂದಿನಂತೆ ಬೀದಿಯಲ್ಲಿ ಹಸಿವು ಕಾಣದಿರಬಹುದು. ಅದು ಮನೆಯೊಳಗೆ ಹೋಗಿ ಕುಳಿತಿದೆ: ಕಟ್ಟಲಾಗದ ಶಾಲೆಯ ಶುಲ್ಕ, ಆಸ್ಪತ್ರೆಗೆಂದು ಅಡವಿಟ್ಟ ತಾಳಿ, ಕೊಳವೆಬಾವಿ ತೋಡಿಸಿ ನೀರು ಕಾಣದ ರೈತನ ಸಾಲ, ಕೆಲಸ ಹೋದುದನ್ನು ಹೆಂಡತಿಗೂ ಹೇಳಲಾರದ ಗಂಡ. ಇಂಥವರು ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುತ್ತಿರಬಹುದು.

ಆದಕಾರಣ ಈ ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರದ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಉತ್ಸವದ ದೀಪಾಲಂಕಾರಕ್ಕೆ ಕೊಟ್ಟ ಕಾಣಿಕೆಯಲ್ಲಿ ಒಂದು ಪಾಲು ಶಾಶ್ವತ ನಿಧಿಯಾಗಿ ಉಳಿಯಲಿ. ಅದರಿಂದ ಕೊಡುವ ನೆರವಿಗೆ ಜಾತಿಮತದ ಲೆಕ್ಕ ಬೇಡ. ಪಡೆದವರ ಹೆಸರು ಯಾವ ಪ್ರಕಟಣೆಯಲ್ಲಿಯೂ ಬರದಿರಲಿ. ತುರ್ತಿನ ಖರ್ಚಿಗೆ ಕೊಟ್ಟ ಮೇಲೆ, ಅದೇ ಕುಟುಂಬ ಮತ್ತೆ ಕೈಚಾಚುವ ಪ್ರಮೇಯ ಬಾರದಂತೆ ಒಂದು ಹೊಲಿಗೆ ಯಂತ್ರವೋ, ಒಂದು ಹಸುವೋ, ಒಬ್ಬ ಹುಡುಗಿಯ ಓದೋ ಅವರ ಜೊತೆಗಿರಲಿ. ಅಂತಿಯೋಕ್ಯದ ಭಕ್ತರಂತೆ ಶಕ್ತ್ಯನುಸಾರ ಕೊಟ್ಟರೆ ಸಾಕು.

ಅನ್ನವನ್ನು ತಡಮಾಡದೆ ಕೊಡಬೇಕು, ಬೆಲೆ ಕೇಳದೆ ಕೊಡಬೇಕು, ಕೊಟ್ಟ ಮೇಲೆ ಕೈಬಿಡದೆ ಜೊತೆಗೆ ನಡೆಯಬೇಕು. ನೂರಾರು ವರ್ಷಗಳ ಚರಿತ್ರೆ ನಮಗೆ ಕಲಿಸಿರುವುದು ಇಷ್ಟನ್ನೇ. ನಮ್ಮ ದೇವಾಲಯದ ಎರಡನೆಯ ಶತಮಾನದ ಚರಿತ್ರೆಯನ್ನು ಬರೆಯುವವರು ಮೊದಲ ಪುಟದಲ್ಲಿ ಬರೆಯಲು ಇಂತಹ ಕಾರ್ಯಗಳು ಸಿಗುವಂತೆ ನಾವು ಬಾಳೋಣ. ಬಡವರ ರೂಪದಲ್ಲಿ ನಮ್ಮ ಬಾಗಿಲಿಗೆ ಬರುವ ಯೇಸುಸ್ವಾಮಿ ನಮಗೆ ಆ ಮನಸ್ಸನ್ನು ದಯಪಾಲಿಸಲಿ.